ಹೈಸ್ಕೂಲ್ ಕನ್ನಡ ಪಾಠಕ್ಕೆ ಸ್ಲೈಡು ಮಾಡುವವರಿಗೆ

ನಾನು ಭರಮಸಾಗರದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ದಿನಾ ದಾವಣಗೆರೆಯಿಂದ ಬಸ್ಸಿನಲ್ಲಿ ಹೋಗಿಬರುತ್ತೇನೆ. ನಮ್ಮ ವಿಜ್ಞಾನದ ಮೇಷ್ಟ್ರು ಹೃದಯ ಬಡಿಯುವುದನ್ನು ತೋರಿಸುತ್ತಾರೆ, ಸಮಾಜದವರು ನಕ್ಷೆ ತೋರಿಸುತ್ತಾರೆ. ಕನ್ನಡಕ್ಕೆ ಯಾಕ್ರೀ ಪ್ರೊಜೆಕ್ಟರ್ ಅಂತ ಸ್ಟಾಫ್ ರೂಮಿನಲ್ಲಿ ಕೇಳುವವರು ಈಗಲೂ ಇದ್ದಾರೆ. ಅವರು ಕೇಳುವುದರಲ್ಲಿ ತಪ್ಪಿಲ್ಲ. ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಕನ್ನಡದ ಪಿಪಿಟಿಗಳನ್ನು ತೆರೆದು ನೋಡಿ. ಕವಿ ಪರಿಚಯ, ಪದಗಳ ಅರ್ಥ, ಸಾರಾಂಶ, ಒಂದು ವಾಕ್ಯದ ಪ್ರಶ್ನೆ, ಎರಡು ವಾಕ್ಯದ ಪ್ರಶ್ನೆ. ಗೈಡನ್ನೇ ಹರಿದು ಗೋಡೆಗೆ ಅಂಟಿಸಿದ ಹಾಗೆ. ಅದನ್ನು ತೋರಿಸುವುದಕ್ಕೆ ಕರೆಂಟ್ ಯಾಕೆ ಸುಡಬೇಕು?

ಸಾಹಿತ್ಯದ ಪಾಠಕ್ಕೆ ಸ್ಲೈಡಿನಿಂದ ಆಗುವ ಉಪಯೋಗ ಮುಖ್ಯವಾಗಿ ಒಂದೇ. ಇಡೀ ತರಗತಿ ಒಂದೇ ಹೊತ್ತಿನಲ್ಲಿ ಒಂದೇ ಸಾಲನ್ನು ನೋಡುತ್ತದೆ. ಪುಸ್ತಕದಲ್ಲಿ ಒಬ್ಬ ಮೂರನೇ ಪದ್ಯದಲ್ಲಿರುತ್ತಾನೆ, ಇನ್ನೊಬ್ಬಳು ಹಿಂದಿನ ಪುಟದ ಚಿತ್ರಕ್ಕೆ ಮೀಸೆ ಬರೆಯುತ್ತಿರುತ್ತಾಳೆ. ಪರದೆಯ ಮೇಲೆ ಒಂದೇ ಸಾಲು ಇದ್ದರೆ ನೋಡಲು ಬೇರೆ ಏನೂ ಇರುವುದಿಲ್ಲ. ಹಾಗಾಗಿ ಪರದೆಯ ಮೇಲೆ ಪದ್ಯ ಇರಬೇಕು. ವಿವರಣೆ ನಿಮ್ಮ ಬಾಯಲ್ಲಿರಬೇಕು, ಆದಷ್ಟೂ ಮಕ್ಕಳ ಬಾಯಲ್ಲಿರಬೇಕು.

ಮೊದಲು ನೋಟ್‌ಬುಕ್ಕು

ಲ್ಯಾಪ್‌ಟಾಪ್ ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಈ ಪೀರಿಯಡ್ ಮುಗಿಯುವಾಗ ಮಕ್ಕಳು ಯಾವ ಪ್ರಶ್ನೆಯನ್ನು ತಲೆಯಲ್ಲಿ ಇಟ್ಟುಕೊಂಡು ಹೋಗಬೇಕು? ಅದೊಂದನ್ನೇ ಬರೆಯಿರಿ. ಹತ್ತನೇ ತರಗತಿಯ ಪ್ರಥಮ ಭಾಷೆಯಲ್ಲಿ ಬರುವ ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’ ಪಾಠ ತೆಗೆದುಕೊಳ್ಳೋಣ. ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ಅದನ್ನು ಕೇಳಿದ ಕರ್ಣನ ಸ್ಥಿತಿಯನ್ನು ಕವಿ ಹೇಳುವುದು ಹೀಗೆ:

ಕೊರಳ ಸೆರೆ ಹಿಗ್ಗಿದವು ದೃಗುಜಲ
ವುರವಣಿಸಿ ಕಡುನೊಂದನಕಟಾ
ಕುರುಪತಿಗೆ ಕೇಡಾದುದೆಂದನು ತನ್ನ ಮನದೊಳಗೆ

ತಾನು ಪಾಂಡವರ ಅಣ್ಣ ಅಂತ ಈಗಷ್ಟೇ ಗೊತ್ತಾಗಿದೆ. ಆದರೂ ಅವನಿಗೆ ಮೊದಲು ನೆನಪಾಗಿದ್ದು ದುರ್ಯೋಧನನಿಗೆ ಬಂದ ಕೇಡು. ಯಾಕೆ? ನನ್ನ ಹಾಳೆಯಲ್ಲಿ ಇರುವುದು ಈ ಪ್ರಶ್ನೆ. ಉಳಿದ ಸ್ಲೈಡುಗಳೆಲ್ಲ ಇಲ್ಲಿಗೆ ಬರುವ ದಾರಿ ಅಷ್ಟೇ. ದಾರಿಗೆ ಬೇಡದ್ದು ಬೇಡ.

ನಮ್ಮ ಪೀರಿಯಡ್ 40 ನಿಮಿಷ. ಹಾಜರಿ, ಪ್ರೊಜೆಕ್ಟರ್ ಬಿಸಿಯಾಗುವುದು, ಹಿಂದಿನ ಬೆಂಚಿನ ಜಗಳ ಕಳೆದರೆ 30 ಉಳಿಯುತ್ತದೆ. ಅಷ್ಟಕ್ಕೆ 8 ಸ್ಲೈಡು ಸಾಕು, 10 ಆದರೆ ಜಾಸ್ತಿ. ಗುಲಾಬಿ ಹೂವಿನ ‘ಶುಭೋದಯ’ ಸ್ಲೈಡು ಬೇಡ. ಕೊನೆಯ ‘ಧನ್ಯವಾದಗಳು’ ಕೂಡ ಬೇಡ. ಮಕ್ಕಳಿಗೆ ನಾವು ಯಾಕೆ ಧನ್ಯವಾದ ಹೇಳುತ್ತಿದ್ದೇವೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಆ ಜಾಗದಲ್ಲಿ ಮನೆಗೆ ಒಯ್ಯುವ ಪ್ರಶ್ನೆ ಹಾಕಿ, ಗಂಟೆ ಹೊಡೆಯುವವರೆಗೆ ಅದು ಪರದೆಯ ಮೇಲೇ ಇರಲಿ.

ಕವಿ ಪರಿಚಯಕ್ಕೆ ಒಂದು ಚಿತ್ರ ಸಾಕು. ಕುಮಾರವ್ಯಾಸನಿಗೆ ನಾನು ಗದುಗಿನ ವೀರನಾರಾಯಣ ಗುಡಿಯ ಫೋಟೋ ಹಾಕುತ್ತೇನೆ. ಈ ಗುಡಿಯಲ್ಲಿ ಕೂತು ಕಾವ್ಯ ಬರೆದ ಅಂತ ಊರವರು ಒಂದು ಕಂಬವನ್ನೇ ತೋರಿಸುತ್ತಾರೆ ಅಂತ ಬಾಯಲ್ಲಿ ಹೇಳಿದರೆ ಮುಗಿಯಿತು. ಕಾಲ, ಕೃತಿ, ಬಿರುದು ಎಲ್ಲ ಪುಸ್ತಕದಲ್ಲೇ ಇದೆ, ಅಲ್ವಾ?

ಅಕ್ಷರದ ಗೋಳು

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕನ್ನಡದವರ ಸ್ಲೈಡು ಹಾಳಾಗುವುದು ಹೆಚ್ಚಾಗಿ ಇಲ್ಲೇ.

ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ. ಶಾಲೆಯ ಲ್ಯಾಪ್‌ಟಾಪಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪಠ್ಯಪುಸ್ತಕದ ಪಿಡಿಎಫ್‌ನಿಂದ ಪದ್ಯವನ್ನು ಕಾಪಿ ಮಾಡಿದರೂ ಎಷ್ಟೋ ಸಲ ಇದೇ ಪಾಡು. ಆದ್ದರಿಂದ ಬೇರೆ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿನಲ್ಲೇ ಟೈಪ್ ಮಾಡಿ. ವಿಂಡೋಸ್‌ನಲ್ಲಿ ನಿರ್ಮಲಾ ಇರುತ್ತದೆ. ನೋಟೋ ಸಾನ್ಸ್ ಕನ್ನಡ ಪುಕ್ಕಟೆ ಸಿಗುತ್ತದೆ, ದೂರಕ್ಕೆ ಚೆನ್ನಾಗಿ ಕಾಣುತ್ತದೆ. ಪದ್ಯವನ್ನು ಫಾಂಟ್ ಪರಿವರ್ತಕಕ್ಕೆ ಹಾಕುವ ಬದಲು ಕೈಯಾರೆ ಟೈಪ್ ಮಾಡಿ ಅನ್ನುವುದು ನನ್ನ ಸಲಹೆ. ಆರು ಸಾಲಿಗೆ ಎಷ್ಟು ಹೊತ್ತು ಬೇಕು? ಒಂದೊಂದೇ ಅಕ್ಷರ ಒತ್ತುವಾಗ ಪದ್ಯ ನಮಗೇ ಹೊಸದಾಗಿ ಕಾಣುತ್ತದೆ.

ಟಾಲ್ಪ್ ತರಬೇತಿಯಲ್ಲಿ (ಸರ್ಕಾರ ಶಿಕ್ಷಕರಿಗೆ ಕೊಟ್ಟ ಕಂಪ್ಯೂಟರ್ ತರಬೇತಿ) ಉಬುಂಟು, ಲಿಬ್ರೆ ಆಫೀಸ್, ಅದರಲ್ಲಿ ಸ್ಲೈಡು ಮಾಡುವ ಇಂಪ್ರೆಸ್ ಕಲಿತವರು ಒಂದು ವಿಷಯ ಗಮನಿಸಿ. ಇಂಪ್ರೆಸ್‌ನಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಫಾಂಟ್, ಕನ್ನಡದಂಥ ಲಿಪಿಗೆ ಬೇರೆ ಫಾಂಟ್ ಇರುತ್ತದೆ. ನೀವು ಇಂಗ್ಲಿಷಿನದನ್ನೇ ಬದಲಾಯಿಸುತ್ತಾ ಕೂತರೆ ಕನ್ನಡದ ಅಕ್ಷರ ಇದ್ದಲ್ಲೇ ಇರುತ್ತದೆ. ಕ್ಯಾರೆಕ್ಟರ್ ಸೆಟ್ಟಿಂಗಿಗೆ ಹೋಗಿ ಸಿಟಿಎಲ್ ಅನ್ನುವ ಕಡೆ ಫಾಂಟ್ ಮತ್ತು ಗಾತ್ರ ಎರಡನ್ನೂ ಬದಲಾಯಿಸಿ.

ಪಂಪ, ರನ್ನರ ಹಳಗನ್ನಡ ಪದ್ಯ ಹಾಕುವಾಗ ೞ, ಱ ಅಕ್ಷರಗಳನ್ನು ಮೊದಲೇ ಪರೀಕ್ಷಿಸಿಕೊಳ್ಳಿ. ಫಾಂಟಿನಲ್ಲಿ ಆ ಅಕ್ಷರ ಇಲ್ಲದಿದ್ದರೆ ಖಾಲಿ ಚೌಕ ಕಾಣುತ್ತದೆ. ಮಕ್ಕಳು ಅದನ್ನೂ ಒಂದು ಅಕ್ಷರ ಅಂದುಕೊಂಡು ನೀಟಾಗಿ ಬರೆದುಕೊಳ್ಳುತ್ತಾರೆ.

ಗಾತ್ರ: ಪದ್ಯಕ್ಕೆ 32 ಪಾಯಿಂಟಿಗಿಂತ ಕಡಿಮೆ ಬೇಡ. ಸಾಲುಗಳ ನಡುವೆ 1.2 ಅಥವಾ 1.3ರಷ್ಟು ಅಂತರ ಕೊಡಿ. ಇಂಗ್ಲಿಷಿಗೆ ಆಗುವ ಅಂತರ ನಮಗೆ ಆಗುವುದಿಲ್ಲ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ದಪ್ಪ ಅಕ್ಷರ ಮಾಡಿದರೆ ಒತ್ತುಗಳು ಮೆತ್ತಿಕೊಂಡು ‘ಷ್ಟ’ ಯಾವುದು ‘ಷ್ಠ’ ಯಾವುದು ತಿಳಿಯುವುದಿಲ್ಲ. ನೆರಳು, ಹೊಳಪು, ಬಾಗಿದ ಅಕ್ಷರ ಯಾವುದೂ ಬೇಡ.

ಪದ್ಯವನ್ನು ನಡುವಿಗೆ ಜೋಡಿಸಬೇಡಿ, ಎಡಕ್ಕೆ ಸೇರಿಸಿ. ಅದಕ್ಕೊಂದು ಕಾರಣ ಇದೆ. ಸಾಲುಗಳ ಮೊದಲು ಒಂದೇ ಗೆರೆಯಲ್ಲಿದ್ದರೆ ಆದಿಪ್ರಾಸ ಕಣ್ಣಿಗೇ ಹೊಡೆಯುತ್ತದೆ. ಮೇಲಿನ ಪದ್ಯದಲ್ಲಿ ಕೊರಳ, ವುರವಣಿಸಿ, ಕುರುಪತಿ. ಎರಡನೇ ಅಕ್ಷರದಲ್ಲಿ ರ, ರ, ರು ಒಂದರ ಕೆಳಗೊಂದು ಬರುತ್ತವೆ. ಆ ಅಕ್ಷರಗಳಿಗೆ ಮಾತ್ರ ಬಣ್ಣ ಕೊಡಿ, ಜೊತೆಗೆ ಅಡಿಗೆರೆಯನ್ನೂ ಹಾಕಿ. ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣದ ಹುಡುಗರು ತರಗತಿಯಲ್ಲಿ ಇರಬಹುದು, ಅವರು ಹೇಳಿಕೊಳ್ಳುವುದಿಲ್ಲ.

ಹಿನ್ನೆಲೆ ಬಿಳಿ ಅಥವಾ ತಿಳಿ ಬಣ್ಣ, ಅಕ್ಷರ ಕಪ್ಪು. ಕಪ್ಪು ಹಿನ್ನೆಲೆಯಲ್ಲಿ ಹಳದಿ ಅಕ್ಷರ ಲ್ಯಾಪ್‌ಟಾಪಿನಲ್ಲಿ ಚಂದ. ನಮ್ಮ ಬಿಸಿಲಿಗೆ, ಕರ್ಟನ್ನೇ ಇಲ್ಲದ ಕಿಟಕಿಗಳಿಗೆ ಅದು ಏನೂ ಕಾಣುವುದಿಲ್ಲ. ಸ್ಲೈಡಿನ ಕೆಳಗಿನ ಮೂರನೇ ಒಂದು ಭಾಗವನ್ನು ಖಾಲಿ ಬಿಡಿ. ಮುಂದಿನ ಬೆಂಚಿನ ತಲೆಗಳು ಇರುವುದು ಅಲ್ಲೇ. ಎಲ್ಲ ಆದ ಮೇಲೆ ಕೊನೆಯ ಬೆಂಚಿನಲ್ಲಿ ಕೂತು ಓದಿ ನೋಡಿ, ನಿಂತಲ್ಲ.

ಗಣ ವಿಭಾಗ: ಸ್ಲೈಡಿಗೆ ಹೇಳಿ ಮಾಡಿಸಿದ ಕೆಲಸ

ಛಂದಸ್ಸು ಅಂದರೆ ಮಕ್ಕಳು ಮುಖ ಸಿಂಡರಿಸುತ್ತಾರೆ. ಕರಿಹಲಗೆಯಲ್ಲಿ ನಾವು ಬೆನ್ನು ತಿರುಗಿಸಿ ಪ್ರಸ್ತಾರ ಹಾಕಿ ಮುಗಿಸುವಷ್ಟರಲ್ಲಿ ಅರ್ಧ ತರಗತಿ ಕಳೆದುಹೋಗಿರುತ್ತದೆ. ಇಲ್ಲಿ ಸ್ಲೈಡು ನಿಜವಾಗಿ ಕೈಹಿಡಿಯುತ್ತದೆ.

ಅದೇ ಪಾಠದ ಮೊದಲ ಸಾಲು ನೋಡಿ: ‘ಇನತನೂಜನ ಕೂಡೆ ಮೈದುನ’. 11 ಅಕ್ಷರ. ಒಂದು ಸಾಲು, 11 ಮನೆಗಳ ಟೇಬಲ್ ಮಾಡಿ, ಮನೆಗೊಂದು ಅಕ್ಷರ ಹಾಕಿ. ಮೇಲೆ ಇನ್ನೊಂದು ಸಾಲು ಖಾಲಿ ಇರಲಿ, ಲಘು (ಒಂದು ಮಾತ್ರೆಯ ಅಕ್ಷರ), ಗುರು (ಎರಡು ಮಾತ್ರೆಯದು) ಗುರುತು ಬರುವುದು ಅಲ್ಲಿ. ಸ್ಪೇಸ್ ಬಾರ್ ಒತ್ತಿ ಒತ್ತಿ ಅಕ್ಷರದ ನೆತ್ತಿಗೆ ಗುರುತು ಕೂರಿಸುವ ಸಾಹಸ ಬೇಡ. ಕನ್ನಡದ ಅಕ್ಷರಗಳ ಅಗಲ ಒಂದೇ ಸಮ ಇರುವುದಿಲ್ಲ, ಬೇರೆ ಕಂಪ್ಯೂಟರಿನಲ್ಲಿ ತೆರೆದ ಕೂಡಲೇ ಎಲ್ಲ ಪಕ್ಕಕ್ಕೆ ಸರಿಯುತ್ತದೆ.

ಈಗ ಅನಿಮೇಷನ್ ಹಾಕಲು ಹೋಗಬೇಡಿ. ಪವರ್‌ಪಾಯಿಂಟಿನಲ್ಲಿ ಟೇಬಲ್ಲಿನ ಒಂದೊಂದು ಮನೆಗೆ ಬೇರೆ ಬೇರೆ ಅನಿಮೇಷನ್ ಕೊಡಲು ಆಗುವುದಿಲ್ಲ. ಸ್ಲೈಡನ್ನೇ ನಕಲು ಮಾಡಿ. ಎಡಗಡೆಯ ಪಟ್ಟಿಯಲ್ಲಿ ಸ್ಲೈಡಿನ ಮೇಲೆ ಕ್ಲಿಕ್ ಮಾಡಿ ಕಂಟ್ರೋಲ್ ಮತ್ತು ಡಿ ಒತ್ತಿದರೆ ನಕಲು ಬರುತ್ತದೆ. ಇಂಪ್ರೆಸ್‌ನಲ್ಲಾದರೆ ಸ್ಲೈಡ್ ಮೆನುವಿನಲ್ಲಿ ಡೂಪ್ಲಿಕೇಟ್ ಇದೆ. ಮೊದಲನೆಯದರಲ್ಲಿ ಬರೀ ಅಕ್ಷರ. ಎರಡನೆಯದರಲ್ಲಿ ಗುರುತು. ಮೂರನೆಯದರಲ್ಲಿ ಗಣಗಳ, ಅಂದರೆ ಮಾತ್ರೆಗಳ ಗುಂಪುಗಳ, ನಡುವೆ ದಪ್ಪ ಗೆರೆ:

ಇನತ | ನೂಜನ | ಕೂಡೆ | ಮೈದುನ

3, 4, 3, 4. ಒಟ್ಟು 14 ಮಾತ್ರೆ. ಈ ಪದ್ಯಗಳು ಭಾಮಿನಿ ಷಟ್ಪದಿಯಲ್ಲಿವೆ, ಪದ್ಯಕ್ಕೆ ಆರು ಸಾಲು. ಅದರ 1, 2, 4, 5ನೇ ಸಾಲುಗಳೆಲ್ಲ ಹೀಗೇ. ಮುಂದಿನ ಬಟನ್ ಒತ್ತಿದರೆ ಅನಿಮೇಷನ್ನಿನ ಹಾಗೇ ಕಾಣುತ್ತದೆ. ಪಿಡಿಎಫ್ ಮಾಡಿದಾಗ ಅನಿಮೇಷನ್ ಹೋಗುತ್ತದೆ, ಈ ನಕಲು ಸ್ಲೈಡುಗಳು ಹೋಗುವುದಿಲ್ಲ. 8 ಸ್ಲೈಡು ಅಂದೆನಲ್ಲ, ಇಂಥ ನಕಲುಗಳನ್ನು ಆ ಲೆಕ್ಕಕ್ಕೆ ಸೇರಿಸಬೇಡಿ.

ಗುರುತು ಬರುವ ಮೊದಲು ಮಕ್ಕಳ ಕೈಯಲ್ಲಿ ಚಪ್ಪಾಳೆ ತಟ್ಟಿಸಿ. ಲಘುವಿಗೆ ಒಂದು, ಗುರುವಿಗೆ ಎರಡು ಎಣಿಕೆ. ಆಮೇಲೆ ಮುಂದಿನ ಸ್ಲೈಡು. ತಾವು ಹೇಳಿದ್ದು ಸರಿಯೋ ಅಂತ ನೋಡುವ ಆಸೆಗಾದರೂ ತಲೆ ಎತ್ತುತ್ತಾರೆ.

ಮೂರನೇ ಸಾಲು ‘ದನುಜರಿಪು ಬರಸೆಳೆದು ಕುಳ್ಳಿರಿಸಿದನು ಪೀಠದಲಿ’. ಇದು 20 ಅಕ್ಷರ, ಪರದೆಯಲ್ಲಿ ದೊಡ್ಡದಾಗಿ ಹಿಡಿಸುವುದಿಲ್ಲ. ಹಿಡಿಸುವುದೂ ಬೇಡ. ಪ್ರೊಜೆಕ್ಟರನ್ನು ಕಪ್ಪು ಮಾಡಿ, ಒಬ್ಬಳನ್ನು ಕರೆದು ಚಾಕ್‌ಪೀಸ್ ಕೊಡಿ. 3, 4, 3, 4, 3, 4 ಬರುತ್ತದೆ, ಕೊನೆಗೆ ‘ಲಿ’ ಉಳಿಯುತ್ತದೆ. ಅದು ನೋಡಲು ಲಘು, ಆದರೆ ಷಟ್ಪದಿಯ 3 ಮತ್ತು 6ನೇ ಸಾಲಿನ ಕೊನೆಯಲ್ಲಿ ಬಂದದ್ದರಿಂದ ಗುರು. ಒಟ್ಟು 23. ಪರೀಕ್ಷೆಯಲ್ಲಿ ಮಕ್ಕಳು ಎಡವುವುದು ಇಲ್ಲೇ. ಗೆಳತಿ ಹಲಗೆಯ ಮೇಲೆ ಎಡವಿ, ಇಡೀ ತರಗತಿ ಕೂಗಿ ತಿದ್ದಿದರೆ ಅದು ಮರೆಯುವುದಿಲ್ಲ.

ಇನ್ನೊಂದು ಮಾತು. ಷಟ್ಪದಿಯಲ್ಲಿ ಪದಗಳು ಸಾಲಿನ ಕೊನೆಯಲ್ಲಿ ಮುರಿದು ಮುಂದಿನ ಸಾಲಿಗೆ ಹೋಗುತ್ತವೆ. ಮೈದುನ ಒಂದು ಸಾಲಿನಲ್ಲಿ, ತನದ ಇನ್ನೊಂದರಲ್ಲಿ. ಓದುವ ಸ್ಲೈಡಿನಲ್ಲಿ ಪದ್ಯ ಇದ್ದ ಹಾಗೇ ಇರಲಿ. ಅರ್ಥ ಹೇಳುವಾಗ ಅದೇ ಪದ್ಯವನ್ನು ಪದ ಬಿಡಿಸಿ ಇನ್ನೊಂದು ಸ್ಲೈಡಿನಲ್ಲಿ ಹಾಕಿ: ಇನತನೂಜನ ಕೂಡೆ, ಮೈದುನತನದ ಸರಸವನು ಎಸಗಿ. ಎರಡನ್ನೂ ಒಂದೇ ಸ್ಲೈಡಿಗೆ ತುರುಕಿದರೆ ಮಕ್ಕಳು ಸುಲಭದ್ದನ್ನು ಮಾತ್ರ ಓದುತ್ತಾರೆ. ನಾವೂ ಅಷ್ಟೇ ಮಾಡುತ್ತೇವೆ ಬಿಡಿ.

ಚಿತ್ರ, ದನಿ

ಕರ್ಣನ ಪಾಠಕ್ಕೆ ಟಿವಿ ಧಾರಾವಾಹಿಯ ಕರ್ಣನ ಫೋಟೋ ಹಾಕುವುದನ್ನು ನಾನು ಒಪ್ಪುವುದಿಲ್ಲ. ಹಾಕಿದ ಕ್ಷಣದಿಂದ ಮಕ್ಕಳ ತಲೆಯಲ್ಲಿ ಆ ನಟನೇ ಕರ್ಣ. ಆಮೇಲೆ ಕುಮಾರವ್ಯಾಸ ಏನೇ ಹೇಳಿದರೂ ಆ ಮುಖ ಹೋಗುವುದಿಲ್ಲ. ಮಹಾಭಾರತದ ಚಿತ್ರ ಬೇಕೇ ಬೇಕು ಅಂದರೆ ತರೀಕೆರೆ ತಾಲ್ಲೂಕಿನ ಅಮೃತಾಪುರದ ಅಮೃತೇಶ್ವರ ಗುಡಿ ಇದೆ. ಹೊಯ್ಸಳರ ಕಾಲದ್ದು, 1196ರಲ್ಲಿ ಕಟ್ಟಿದ್ದು. ರಾಮಾಯಣ, ಮಹಾಭಾರತದ ಕತೆಗಳನ್ನು ಕಲ್ಲಿನಲ್ಲಿ ಸಾಲಾಗಿ ಕಡೆದಿದ್ದಾರೆ. ನಮ್ಮ ಕಡೆಯಿಂದ ತುಂಬಾ ದೂರವಲ್ಲ, ಯಾರಾದರೂ ಹೋದಾಗ ಫೋಟೋ ತೆಗೆದುಕೊಂಡು ಬರಲು ಹೇಳಬಹುದು. ನೆಟ್ಟಿನಿಂದ ತೆಗೆದ ಚಿತ್ರವಾದರೆ ಕೆಳಗೆ ಸಣ್ಣದಾಗಿ ಯಾರದು ಅಂತ ಬರೆಯಿರಿ.

ನಮ್ಮ ಜಿಲ್ಲೆಯ ಪಿಪಿಟಿಗಳಿಗೆ ಇನ್ನೊಂದು ಚಾಳಿ. ಪಾಠ ಯಾವುದೇ ಇರಲಿ, ಮೊದಲ ಸ್ಲೈಡಿನಲ್ಲಿ ಚಿತ್ರದುರ್ಗದ ಕಲ್ಲಿನ ಕೋಟೆ ಇರಲೇಬೇಕು. ಲಂಡನ್ ನಗರದ ಪಾಠಕ್ಕೂ! ಕೋಟೆ ಬೇಕಾದ ಕಡೆ ಹಾಕಿ. ‘ಹಲಗಲಿ ಬೇಡರು’ ಲಾವಣಿಗೆ ಅದು ಬೇಕು. 1857ರಲ್ಲಿ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದಾಗ ಮುಧೋಳ ಕಡೆಯ ಹಲಗಲಿಯ ಬೇಡರು ತಿರುಗಿಬಿದ್ದ ಕತೆ ಅದು. ದುರ್ಗ ಆಳಿದ ಬೇಡರ ದೊರೆ ಮದಕರಿ ನಾಯಕನ ಊರಿನ ಮಕ್ಕಳಿಗೆ ಬೇಡರು ಯಾರು ಅಂತ ನಾನು ಹೇಳಿಕೊಡಬೇಕಾಗಿಲ್ಲ, ಅವರೇ ನನಗೆ ಹೇಳುತ್ತಾರೆ. ಮೊದಲು ಕೋಟೆಯ ಒಂದು ಫೋಟೋ, ಆಮೇಲೆ ದುರ್ಗ ಮತ್ತು ಹಲಗಲಿ ಎರಡೂ ಕಾಣುವ ಕರ್ನಾಟಕದ ನಕ್ಷೆ, ಆಮೇಲೆ ಒಂದೇ ಪ್ರಶ್ನೆ: ಬೇಟೆಯವನ ಕೈಯಿಂದ ಆಯುಧ ಕಿತ್ತುಕೊಂಡರೆ ಅವನಿಗೆ ಉಳಿಯುವುದೇನು? ಲಾವಣಿ ಶುರು ಮಾಡುವುದು ಇದಾದ ಮೇಲೆ.

ದನಿಯ ವಿಷಯ. ಕುಮಾರವ್ಯಾಸನನ್ನು ಗಮಕದಲ್ಲಿ, ಅಂದರೆ ರಾಗವಾಗಿ ಓದುವ ಕಾವ್ಯವಾಚನದಲ್ಲಿ, ಕೇಳಿಸಿ. ಶಿವಮೊಗ್ಗ ಹತ್ತಿರದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಒಳ್ಳೆಯ ಗಮಕಿಗಳ ವಾಚನ ಯೂಟ್ಯೂಬಿನಲ್ಲೂ ಸಿಗುತ್ತದೆ. ಎರಡು ನಿಮಿಷಕ್ಕಿಂತ ಹೆಚ್ಚು ಬೇಡ. ಕೇಳಿಸುವಾಗ ಪರದೆ ಖಾಲಿ ಇರಲಿ. ಪವರ್‌ಪಾಯಿಂಟ್ ಓಡುತ್ತಿರುವಾಗ ಇಂಗ್ಲಿಷ್ ಬಿ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಮರಳಿ ಬರುತ್ತದೆ. ಇದೊಂದು ಬಟನ್ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ನೀವು ಮಾತಾಡುವಾಗ ಮಕ್ಕಳು ನಿಮ್ಮನ್ನು ನೋಡಬೇಕು ಅಂದರೂ ಅದನ್ನೇ ಒತ್ತಿ. ಯಾರೋ ಹಿಂದಿನ ಪದ್ಯ ಕೇಳಿದರೆ ಸ್ಲೈಡಿನ ಸಂಖ್ಯೆ ಒತ್ತಿ ಎಂಟರ್ ಹೊಡೆಯಿರಿ, ನೇರ ಅಲ್ಲಿಗೆ ಹೋಗುತ್ತದೆ.

‘ಬರ್ಕೋಬೇಕಾ ಟೀಚರ್?’

ಸ್ಲೈಡು ಬಂದ ಕೂಡಲೇ ಈ ಪ್ರಶ್ನೆ ಬರುತ್ತದೆ. ಬೇಡ ಅಂದರೂ ಬರೆಯುತ್ತಾರೆ. ಬರೆಯುವ ಮಗು ಕೇಳುವುದಿಲ್ಲ. ಅದಕ್ಕೆ ನಾನು ಅರ್ಧ ಹಾಳೆ ಕೊಡುತ್ತೇನೆ. ಎಡಗಡೆ ಪದ್ಯ, ಬಲಗಡೆ ಖಾಲಿ ಜಾಗ. ಜೆರಾಕ್ಸ್ ಖರ್ಚು ಆಗುತ್ತದೆ, ಇಬ್ಬರಿಗೆ ಒಂದು ಕೊಟ್ಟರೂ ನಡೆಯುತ್ತದೆ. ಕೊನೆಯ ಐದು ನಿಮಿಷ ಪೆನ್ನಿಗೆ ಬಿಡಿ. ಅದಕ್ಕೂ ಮೊದಲು ಪೆನ್ನು ಕೆಳಗೆ.

ಇನ್ನು ಕಾಗುಣಿತ. ಕರಿಹಲಗೆಯ ತಪ್ಪು ಡಸ್ಟರಿನಲ್ಲಿ ಹೋಗುತ್ತದೆ. ಸ್ಲೈಡಿನ ತಪ್ಪು ವಾಟ್ಸಾಪಿನಲ್ಲಿ ಹತ್ತು ಶಾಲೆಗೆ ಹೋಗುತ್ತದೆ. ಗುಂಪಿನಲ್ಲಿ ಬಂದ ಪಿಪಿಟಿಯನ್ನು ಪಠ್ಯಪುಸ್ತಕ ಪಕ್ಕದಲ್ಲಿ ಇಟ್ಟುಕೊಂಡು ಓದದೆ ತರಗತಿಗೆ ಒಯ್ಯಬೇಡಿ. ಅಕಾರ ಹಕಾರ, ಲ ಮತ್ತು ಳ, ಅಲ್ಪಪ್ರಾಣ ಮಹಾಪ್ರಾಣ ಇವನ್ನೇ ಮೊದಲು ನೋಡಿ.

ಕರೆಂಟ್ ಹೋದಾಗ

ದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಲೇ ಇರುತ್ತವೆ. ಕೆಳಗೆ ನಮ್ಮ ಶಾಲೆಯಲ್ಲಿ ಕರೆಂಟ್ ಇರುವುದಿಲ್ಲ. ಆಷಾಢದ ಗಾಳಿಗಂತೂ ಕೇಳುವುದೇ ಬೇಡ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದ್ದರೂ ಪ್ರೊಜೆಕ್ಟರಿಗೆ ಇಲ್ಲವಲ್ಲ. ಆದ್ದರಿಂದ ಸ್ಲೈಡು ಇಲ್ಲದೆಯೂ ಆ ಪಾಠ ನಡೆಯುವಂತಿರಬೇಕು. ನಿಮ್ಮ ಹಾಳೆಯಲ್ಲಿ ಪ್ರಶ್ನೆ ಇದೆ, ಮಕ್ಕಳ ಕೈಯಲ್ಲಿ ಅರ್ಧ ಹಾಳೆ ಇದೆ, ಹಲಗೆ ಇದೆ. ಫೈಲನ್ನು ಪಿಪಿಟಿಯಾಗಿ ಒಂದು, ಪಿಡಿಎಫ್ ಆಗಿ ಒಂದು ಇಟ್ಟುಕೊಳ್ಳಿ. ಪೆನ್‌ಡ್ರೈವಿನಲ್ಲೂ ಇರಲಿ, ಫೋನಿನಲ್ಲೂ ಇರಲಿ. ಪಿಡಿಎಫ್‌ನಲ್ಲಿ ಫಾಂಟಿನ ತಕರಾರು ಬರುವುದಿಲ್ಲ. ಆಡಿಯೋ ಫೈಲನ್ನು ಅದೇ ಫೋಲ್ಡರಿನಲ್ಲಿ ಬೇರೆಯಾಗಿಯೂ ಇಡಿ. ಕಿಟಕಿಗೆ ಕಟ್ಟಲು ಎರಡು ಹಳೆಯ ಬೆಡ್‌ಶೀಟು ಬೀರುವಿನಲ್ಲಿ ಇದ್ದರೆ ಒಳ್ಳೆಯದು.

ಮಕ್ಕಳೇ ಮಾಡುವಾಗ

ರೂಪಣಾತ್ಮಕ ಮೌಲ್ಯಮಾಪನಕ್ಕೆ ಪ್ರಾಜೆಕ್ಟ್ ಕೊಡಲೇಬೇಕಲ್ಲ, ಚಾರ್ಟಿನ ಬದಲು ಒಮ್ಮೆ ಸ್ಲೈಡು ಮಾಡಿಸಿ. ಐದು ಜನರ ಗುಂಪು. ಮೂರೇ ಸ್ಲೈಡು. ಮೊದಲನೆಯದರಲ್ಲಿ ಪಾಠದ ಒಂದು ಸಾಲು, ತಮಗೆ ಹಿಡಿಸಿದ್ದು. ಎರಡನೆಯದರಲ್ಲಿ ತಾವೇ ತೆಗೆದ ಅಥವಾ ಬರೆದ ಒಂದು ಚಿತ್ರ. ಮೂರನೆಯದರಲ್ಲಿ ತಮಗೇ ಉತ್ತರ ಸರಿಯಾಗಿ ಗೊತ್ತಿಲ್ಲದ ಒಂದು ಪ್ರಶ್ನೆ. ಮನೆಯಲ್ಲಿ ಅಪ್ಪನ ಫೋನಿನ ಗೂಗಲ್ ಸ್ಲೈಡ್ಸ್‌ನಲ್ಲಿ ಇಷ್ಟು ಮಾಡಬಹುದು. ಕನ್ನಡ ಟೈಪ್ ಬಾರದವರು ಮೈಕ್ ಒತ್ತಿ ಮಾತಾಡಿದರೆ ಫೋನೇ ಬರೆದುಕೊಳ್ಳುತ್ತದೆ, ಆಮೇಲೆ ತಿದ್ದಿಕೊಂಡರಾಯಿತು. ಹಾಗೆ ತಿದ್ದುವುದೇ ಒಳ್ಳೆಯ ಕಾಗುಣಿತದ ಅಭ್ಯಾಸ. ಮನೆಯಲ್ಲಿ ಫೋನ್ ಇಲ್ಲದ ಮಕ್ಕಳು ಹಾಳೆಯಲ್ಲಿ ಮಾಡಲಿ. ಅದನ್ನು ನಾನು ಫೋಟೋ ತೆಗೆದು ಸ್ಲೈಡಿಗೆ ಸೇರಿಸುತ್ತೇನೆ. ಪರದೆಯ ಮೇಲೆ ಯಾರದು ಫೋನಿನದು, ಯಾರದು ಹಾಳೆಯದು ಅನ್ನುವ ಭೇದ ಉಳಿಯುವುದಿಲ್ಲ.

ಸ್ಲೈಡಿನಲ್ಲಿ ಇರುವುದನ್ನು ಓದಿ ಹೇಳಬಾರದು ಅಂತ ಮೊದಲೇ ಹೇಳಿಬಿಡಿ. ಮುಗಿದ ಮೇಲೆ ಕೂತ ಮಕ್ಕಳಲ್ಲಿ ಇಬ್ಬರು ಪ್ರಶ್ನೆ ಕೇಳಲಿ. ಗುಂಪಿನವರು ಪುಸ್ತಕ ತೆರೆದು ಉತ್ತರ ಹುಡುಕಬಹುದು, ಸಿಗದಿದ್ದರೆ ಮಾರನೇ ದಿನ ಹೇಳಬಹುದು. ಅಂಕ ಕೊಡುವಾಗ ನಾನು ಬಣ್ಣ, ಹೂವು, ಅಂಚು ಯಾವುದನ್ನೂ ನೋಡುವುದಿಲ್ಲ. ಕೇಳಿದ ಪ್ರಶ್ನೆಗೆ ಪಾಠದ ಯಾವ ಸಾಲನ್ನು ತೋರಿಸಿ ಉತ್ತರ ಕೊಟ್ಟರು ಅನ್ನುವುದಕ್ಕೇ ಅರ್ಧಕ್ಕಿಂತ ಹೆಚ್ಚು ಅಂಕ.